‘ಕುಟುಂಬ ರಕ್ಷಣಾ ವಕೀಲ’ ಯಾರನ್ನು ರಕ್ಷಿಸುತ್ತಾರೆ?

ನ್ಯೂಯಾರ್ಕಿನ ಕೆಲಸದ ಜಾಹೀರಾತೊಂದನ್ನು ಯಾರೋ ಕನ್ನಡಕ್ಕೆ ತಂದು ಕಳಿಸಿದ್ದರು: ‘ಅನುಭವಿ ಕುಟುಂಬ ರಕ್ಷಣಾ ಹಿರಿಯ ವಕೀಲರು ಬೇಕಾಗಿದ್ದಾರೆ.’ ಅದನ್ನು ಓದಿದ ಪರಿಚಯದವರೊಬ್ಬರು, ವಿಚ್ಛೇದನದ ಕೇಸುಗಳಲ್ಲಿ ಪಳಗಿದ ತಮ್ಮ ಭಾವನಿಗೆ ಇದು ಹೊಂದುತ್ತದೆಯೇ ಎಂದು ಕೇಳಿದರು. ಹೊಂದುವುದಿಲ್ಲ. ಮೂಲದಲ್ಲಿದ್ದ ಫ್ಯಾಮಿಲಿ ಡಿಫೆನ್ಸ್ ಎಂದರೆ ಸರ್ಕಾರ ಆರೋಪ ಹೊರಿಸಿದ ತಂದೆತಾಯಿಯ ಪರ ವಾದಿಸುವ ಕೆಲಸ. ಅದು ಹೀಗೆ ‘ಕುಟುಂಬ ರಕ್ಷಣೆ’ಯಾಗುವುದನ್ನು ನೋಡಿ ನೋಡಿ ಸಾಕಾಗಿದೆ.

ಡಿಫೆನ್ಸ್ ಎಂದ ಕೂಡಲೇ ರಕ್ಷಣೆ ಎಂದು ಬರೆದುಬಿಡುವುದು ರಕ್ಷಣಾ ಸಚಿವಾಲಯ ಅಂಟಿಸಿದ ಚಟವಿರಬೇಕು. ಆ ಪದದ ಲ್ಯಾಟಿನ್ ಮೂಲಕ್ಕೆ ಬರುವ ಏಟನ್ನು ತಡೆದು ಆಚೆ ತಳ್ಳುವುದು ಎಂಬ ಅರ್ಥ. ಏಟು ಹಾಕುವವರು ಎದುರಿಗಿದ್ದರೆ ಮಾತ್ರ ಅದಕ್ಕೆ ಕೆಲಸ. ಸಂಸ್ಕೃತದ ‘ರಕ್ಷ್’ ಧಾತುವಿಗೆ ಎದುರಾಳಿ ಬೇಕಿಲ್ಲ. ಹೊಲ ಕಾಯುವುದೂ ರಕ್ಷಣೆಯೇ, ಕೂಸಿಗೆ ಬಿಸಿಲು ತಾಗದಂತೆ ಸೆರಗು ಮುಚ್ಚುವುದೂ ರಕ್ಷಣೆಯೇ. ಕೋರ್ಟಿಗೆ ಬೇಕಾದ ಪದ ನಮ್ಮಲ್ಲಿ ಇದ್ದೇ ಇದೆ: ಪ್ರತಿವಾದ. ಇನ್ನೂ ಚಿಕ್ಕದು ಬೇಕೆಂದರೆ ವರದಿಗಾರರು ದಿನವೂ ಬರೆಯುವ ‘ಪರ’. ‘ಆರೋಪಿ ಪರ ವಕೀಲರು’ ಎಂಬುದನ್ನು ಓದಿ ಯಾರೂ ತಬ್ಬಿಬ್ಬಾಗಿಲ್ಲ.

ಇಲ್ಲಂತೂ ‘ರಕ್ಷಣೆ’ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಮಕ್ಕಳ ರಕ್ಷಣೆ ಎಂದು ಹೇಳಿಕೊಂಡು ಕೋರ್ಟಿಗೆ ಬರುವುದು ಸರ್ಕಾರ. ನ್ಯೂಯಾರ್ಕ್ ನಗರದ ಮಕ್ಕಳ ಸೇವಾ ಇಲಾಖೆ ತಂದೆತಾಯಿಯ ಮೇಲೆ ನಿರ್ಲಕ್ಷ್ಯದ ಅಥವಾ ಹಿಂಸೆಯ ಆರೋಪ ಹೊರಿಸುತ್ತದೆ; ಎಷ್ಟೋ ಸಲ ಅಷ್ಟರಲ್ಲಿ ಮಗು ಬೇರೆಯವರ ಮನೆ ಸೇರಿರುತ್ತದೆ. ಆಗ ಆ ತಂದೆತಾಯಿಯ ಪರವಾಗಿ ನಿಲ್ಲುವುದೇ ಫ್ಯಾಮಿಲಿ ಡಿಫೆನ್ಸ್. ಬಡವರಿಗೆ ವಕೀಲರ ಖರ್ಚು ಸಾರ್ವಜನಿಕ ಹಣದ್ದು. ಪಾಲಕತ್ವದ ಹಕ್ಕನ್ನೇ ರದ್ದು ಮಾಡುವ ಪ್ರಕರಣದಲ್ಲೂ ಎಲ್ಲರಿಗೂ ವಕೀಲರನ್ನು ಕೊಡಬೇಕೆಂದು ಸಂವಿಧಾನ ಹೇಳುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1981ರಲ್ಲಿ ತೀರ್ಪಿತ್ತಿತು. ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಅದಕ್ಕೂ ಮುಂಚೆ, 1972ರಲ್ಲೇ, ಬಡ ತಂದೆತಾಯಿಗೆ ಆ ಹಕ್ಕಿದೆ ಎಂದಿತ್ತು.

ಇನ್ನು ‘ಹಿರಿಯ ವಕೀಲ’. ನಮ್ಮಲ್ಲಿ ಅದು 1961ರ ವಕೀಲರ ಕಾಯ್ದೆಯಡಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಕೊಡುವ ಸ್ಥಾನ, ವಯಸ್ಸಿನ ಲೆಕ್ಕವಲ್ಲ. ಮೂಲದಲ್ಲಿದ್ದದ್ದು ಸೂಪರ್‌ವೈಸಿಂಗ್ ಅಟಾರ್ನಿ. ‘ಮೇಲ್ವಿಚಾರಕ’ ಎಂದರೆ ಹಾಸ್ಟೆಲ್ ನೆನಪಾಗುತ್ತದೆ. ಹತ್ತಿರದ ಪದ ಕೋರ್ಟ್ ಆವರಣದಲ್ಲಿ ಕಿವಿಗೆ ಬೀಳುವ ‘ನಮ್ಮ ಸೀನಿಯರ್’, ಒಂದು ವ್ಯತ್ಯಾಸದೊಂದಿಗೆ. ನಮ್ಮಲ್ಲಿ ಕಕ್ಷಿದಾರರು ಸೀನಿಯರ್‌ಗೆ ಸೇರಿದವರು, ಜೂನಿಯರ್ ಫೈಲು ಹೊರುತ್ತಾರೆ. ಅಲ್ಲಿ ಕಕ್ಷಿದಾರರು ಜೂನಿಯರ್‌ಗೇ ಸೇರಿದವರು. ಸೀನಿಯರ್ ಆದವರು ಹಿಂದೆ ನಿಂತು ಫೈಲು ಓದುತ್ತಾರೆ.

ಓದುವುದೆಂದರೆ ಹೀಗೆ. ಮಗುವನ್ನು ಹಿಂದಿರುಗಿಸಿ ಎಂದು ತಾಯಿ ಅರ್ಜಿ ಹಾಕಿದರೆ, ತಡಮಾಡಲು ತಕ್ಕ ಕಾರಣವಿಲ್ಲದಿದ್ದರೆ, ಕೋರ್ಟಿನ ಮೂರು ಕೆಲಸದ ದಿನಗಳೊಳಗೆ ವಿಚಾರಣೆ ನಡೆಯಬೇಕು. ಇಲಾಖೆಯ ವರದಿಯಲ್ಲಿ ‘ಫ್ರಿಜ್ ಖಾಲಿ’ ಎಂದಿದೆ ಎಂದುಕೊಳ್ಳಿ. ಸೀನಿಯರ್ ತಮ್ಮ ಜೂನಿಯರ್‌ಗೆ ಕೇಳುತ್ತಾರೆ:

‘ಇಲಾಖೆಯವರು ಯಾವ ತಾರೀಖು ಆ ಮನೆಗೆ ಹೋಗಿದ್ದರಂತೆ?’

‘ನೋಡಿಲ್ಲ ಮೇಡಂ.’

‘ನೋಡು. ಆಹಾರ ನೆರವಿನ ಹಣ ತಿಂಗಳಿಗೊಮ್ಮೆ ಬರುತ್ತದೆ. ಇವರು ಹೋದದ್ದು ಅದರ ಹಿಂದಿನ ದಿನವೋ, ಮಾರನೆಯ ದಿನವೋ?’

ಆ ರಾಜ್ಯದ ಕಾಯ್ದೆಯ ಪ್ರಕಾರ, ಶಕ್ತಿಯಿದ್ದೂ ಅಥವಾ ನೆರವು ಸಿಗುವಂತಿದ್ದೂ ಊಟ ಕೊಡದಿದ್ದರೆ ಮಾತ್ರ ಅದು ನಿರ್ಲಕ್ಷ್ಯ. ಇಡೀ ಕೇಸು ಒಂದು ತಾರೀಖಿನ ಮೇಲೆ ನಿಲ್ಲಬಹುದು. ಜಾಹೀರಾತಿನ ‘ಅನುಭವಿ’ ಎಂದರೆ ಇನ್ನೊಬ್ಬರ ಫೈಲಿನಲ್ಲಿ ಆ ತಾರೀಖನ್ನು ಕಾಣಬಲ್ಲವರು. ಹದಿನೈದು ವರ್ಷ ವಾದ ಮಾಡಿದವರಿಗೆಲ್ಲ ಅದು ಬರುವುದಿಲ್ಲ. ತಾವೇ ಎದ್ದು ವಾದಿಸಿಬಿಡುವ ಆತುರ ಅವರದು.

‘ತಂದೆತಾಯಿ ಪರ ವಕೀಲರ ತಂಡಕ್ಕೆ ಅನುಭವಿ ಸೀನಿಯರ್ ಬೇಕಾಗಿದ್ದಾರೆ’ ಎಂದು ಬರೆದಿದ್ದರೆ ಭಾವನ ಪ್ರಶ್ನೆಯೇ ಏಳುತ್ತಿರಲಿಲ್ಲ.