ಎಡಗಿವಿಯ ಅರ್ಧ ವೋಲ್ಟ್

ಪುಷ್ಯ ಮಳೆ ಬಿಡದೆ ಹೊಡೆಯುತ್ತಿದ್ದ ವಾರ. ತೀರ್ಥಹಳ್ಳಿ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಬಂದ. ಕೈಯಲ್ಲಿ ತಾನೇ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರ್. ಚು ಮಾಯ್ ಎಂಬುವವರು ರೂಪಿಸಿದ, ಹವ್ಯಾಸಿಗಳು 'ಸಿಮಾಯ್' ಎನ್ನುವ ಸರ್ಕ್ಯೂಟ್ ಅದು. 9 ವೋಲ್ಟ್ ಬ್ಯಾಟರಿ, ಎಂಟು ಕಾಲಿನ ಒಂದು ಆಪ್-ಆಂಪ್ ಐಸಿ (ಸಿಗ್ನಲ್ ದೊಡ್ಡದು ಮಾಡುವ ಚಿಪ್), ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್. ಅಷ್ಟೇ.

"ಬೇಸಿಗೇಲಿ ಚೆನ್ನಾಗಿತ್ತು ಸರ್. ಈಗ ಎರಡೂ ಕಿವೀಲಿ ಒಡೆದ ಸದ್ದು. ಮೂರು ಸಲ ಐಸಿ ಬದಲಿಸಿದೆ" ಎಂದ.

ಐಸಿ ಬದಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾನು ಮಾತ್ರ ಮಲ್ಟಿಮೀಟರ್ ಹಿಡಿಯದೆ ಸೋಲ್ಡರಿಂಗ್ ಐರನ್ ಬಿಸಿ ಮಾಡುವುದಿಲ್ಲ.

ಈ ಸರ್ಕ್ಯೂಟಿನಲ್ಲಿ 4.7 ಕಿಲೋ ಓಮ್‌ನ ಎರಡು ರೆಸಿಸ್ಟರ್ ಸೇರಿ ಬ್ಯಾಟರಿಯ 9 ವೋಲ್ಟನ್ನು ಅರ್ಧ ಮಾಡುತ್ತವೆ. ಆ ನಡುಬಿಂದುವೇ ವರ್ಚುಯಲ್ ಗ್ರೌಂಡ್, ಅಂದರೆ ಸದ್ದಿನ ಸಿಗ್ನಲ್ಲಿಗೆ ಸೊನ್ನೆ ಎಂದು ಹಿಡಿಯುವ ನೆಲ. ಹೆಡ್‌ಫೋನಿನ ಗ್ರೌಂಡ್ ಕೂಡ ಅದೇ. ಅಳೆದೆ, ಸರಿಯಾಗಿ 4.5 ವೋಲ್ಟ್ ಇತ್ತು. ಹುಡುಗ ಇಲ್ಲಿಯವರೆಗೆ ನೋಡಿದ್ದ. ಆದರೆ ಹೆಡ್‌ಫೋನ್ ಚುಚ್ಚದೆ ನೋಡಿದ್ದ.

ಹೆಡ್‌ಫೋನ್ ಹಾಳಾಗಬಾರದು ಅಲ್ವಾ? ಅದಕ್ಕೇ ನನ್ನ ಹತ್ತಿರ ಒಂದು ಹಳೆಯ ಜ್ಯಾಕ್ ಇದೆ. ಎಡಕ್ಕೊಂದು, ಬಲಕ್ಕೊಂದು 33 ಓಮ್ ರೆಸಿಸ್ಟರ್ ಬೆಸೆದಿದ್ದೇನೆ. ಅದನ್ನು ಚುಚ್ಚಿದೆ. ನಡುಬಿಂದು 4.5ರಿಂದ 2 ವೋಲ್ಟಿಗಿಂತ ಕೆಳಗೆ ಕುಸಿಯಿತು. ನೆಲವೇ ಜಾರಿದ ಮೇಲೆ ಎರಡೂ ಕಿವಿಯ ಸದ್ದು ಒಡೆಯಲೇಬೇಕು.

ಜ್ಯಾಕ್ ತೆಗೆದು, ನಡುಬಿಂದುವಿಗೆ ಹೋಲಿಸಿ ಔಟ್‌ಪುಟ್‌ಗಳ ಡಿಸಿ (ಏರಿಳಿಯದ ವೋಲ್ಟೇಜ್) ನೋಡಿದೆ. ಅದು ಸೊನ್ನೆಯ ಹತ್ತಿರ ಇರಬೇಕು. ಬಲಕ್ಕೆ 3 ಮಿಲಿವೋಲ್ಟ್. ಎಡಕ್ಕೆ ಮೈನಸ್ ಅರ್ಧ ವೋಲ್ಟ್! 33 ಓಮ್ ಸಿಕ್ಕಿದರೆ ಅರ್ಧ ವೋಲ್ಟ್ 15 ಮಿಲಿಆಂಪ್ ಎಳೆಯಲು ಹೊರಡುತ್ತದೆ. ಎರಡು ರೆಸಿಸ್ಟರಿನ ಆ ನಡುಬಿಂದುವಿಗೆ 2 ಮಿಲಿಆಂಪ್ ಕೊಡುವ ಶಕ್ತಿಯೂ ಇಲ್ಲ.

ಅರ್ಧ ವೋಲ್ಟ್ ಬಂದದ್ದು ಎಲ್ಲಿಂದ? ಬೋರ್ಡ್ ತಿರುಗಿಸಿದೆ. ಐಸಿ ಬೇಸಿನ ಸುತ್ತ ಕಂದು ಬಣ್ಣದ ಸೋಲ್ಡರ್ ಪೇಸ್ಟ್ ಜಿಡ್ಡು. ಐಸಿಯ 3ನೇ ಕಾಲು ಎಡ ಚಾನೆಲ್‌ನ ಇನ್‌ಪುಟ್. ಪಕ್ಕದ 4ನೇ ಕಾಲು ಬ್ಯಾಟರಿಯ ನೆಗೆಟಿವ್. ಬೇಸಿಗೆಯಲ್ಲಿ ಆ ಜಿಡ್ಡು ಸುಮ್ನೆ ಬಿದ್ದಿರುತ್ತದೆ. ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಈ ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಹೀರುತ್ತದೆ, ಕರೆಂಟ್ ಸೋರುತ್ತದೆ.

ಸೋರಿಕೆ ದೊಡ್ಡದೇನಲ್ಲ. ಎರಡು ಕಾಲುಗಳ ನಡುವೆ 10 ಮೆಗಾಓಮ್ ಎಂದುಕೊಳ್ಳಿ. ಇನ್‌ಪುಟ್‌ನಿಂದ ನಡುಬಿಂದುವಿಗೆ ಇರುವುದು 100 ಕಿಲೋ ಓಮ್ ರೆಸಿಸ್ಟರ್. ಲೆಕ್ಕ ಹಾಕಿದರೆ 45 ಮಿಲಿವೋಲ್ಟ್ ಒಳಗೆ ಬಂತು. ಆಂಪ್ಲಿಫೈಯರ್ ಅದನ್ನು 11 ಪಟ್ಟು ಮಾಡಿತು. ಅರ್ಧ ವೋಲ್ಟ್ ಆಯಿತು! ಐಸಿ ಎಷ್ಟು ಬದಲಿಸಿದರೂ ಜಿಡ್ಡು ಅಲ್ಲೇ ಇತ್ತಲ್ಲ.

ಖಾತ್ರಿಗೆ ಬೋರ್ಡಿನ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟೆ. ಎಡಗಡೆಯ ವೋಲ್ಟೇಜ್ ಜಾಸ್ತಿಯಾಯಿತು. ಹೇರ್ ಡ್ರೈಯರ್‌ನಿಂದ ಮೆಲ್ಲಗೆ ಒಣಗಿಸಿದೆ, ಇಳಿಯಿತು. ಹುಡುಗನ ಕಣ್ಣು ಮೀಟರ್ ಬಿಟ್ಟು ಕದಲಲಿಲ್ಲ.

ಒಂದು ಮಾತು ಸೇರಿಸಬೇಕು. ಎರಡೂ ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಒಂದೇ 0.2 ವೋಲ್ಟ್ ಕಂಡರೆ, ಹಾಕಿರುವ ಐಸಿ ಎನ್‌ಇ5532 ಎಂಬ ಬಗೆಯ ಆಪ್-ಆಂಪ್ ಅಲ್ಲವೇ ನೋಡಿ. ಅದರ ಇನ್‌ಪುಟ್ ತಾನೇ ಸ್ವಲ್ಪ ಕರೆಂಟ್ ಎಳೆಯುತ್ತದೆ. ಅಂಥ ಬೋರ್ಡ್ ತೊಳೆದರೆ ಪ್ರಯೋಜನವಿಲ್ಲ.

ಇವನದಕ್ಕೆ ಬ್ಯಾಟರಿ, ಐಸಿ ಎರಡೂ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆವು. ಕರಗಿದ ಜಿಡ್ಡನ್ನು ಬಟ್ಟೆಯಿಂದ ಒರೆಸಿ ತೆಗೆಯಲೇಬೇಕು. ಇಲ್ಲದಿದ್ದರೆ ಬೋರ್ಡಿನ ತುಂಬಾ ಹರಡುತ್ತದೆ. ಎರಡು ಸಲ ಮಾಡಿದೆವು. ಎಡಕ್ಕೆ 4 ಮಿಲಿವೋಲ್ಟ್ ಬಂತು. ಹುಡುಗ ಆಗಲೇ ಹೆಡ್‌ಫೋನ್ ಚುಚ್ಚಲು ಹೊರಟ. ತಡೆದೆ. ಡಬ್ಬಿಯ ಮುಚ್ಚಳ ತೆಗೆದು ರಾತ್ರಿಯಿಡೀ ಅಂಗಡಿಯ ತಂಡಿಯಲ್ಲೇ ಬಿಟ್ಟೆ. ಬೆಳಿಗ್ಗೆಯೂ ಮಳೆ ಹೊಯ್ಯುತ್ತಲೇ ಇತ್ತು. ಮೀಟರ್ 4 ಮಿಲಿವೋಲ್ಟನ್ನೇ ತೋರಿಸಿತು. ಆಮೇಲೆ ಚುಚ್ಚು ಎಂದೆ.