ಪದ ಪರಿಚಯ: ಮಕ್ಕಳ ‘ಪಾಲ್ಗೊಳ್ಳುವಿಕೆ’, ಅಳೆಯುವುದು ಹೇಗೆ?

ಗಾಲಿಕುರ್ಚಿ ಬಳಸುವ ಹುಡುಗಿಯೊಬ್ಬಳು ಆಟದ ಪೀರಿಯಡ್‌ನಲ್ಲಿ ಒಂದು ದಿನವೂ ತಪ್ಪದೆ ಮೈದಾನಕ್ಕೆ ಬರುತ್ತಾಳೆ. ಬದಿಯಲ್ಲಿ ಕೂತು ಸ್ಕೋರ್ ಬರೆಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳದು ನೂರಕ್ಕೆ ನೂರು. ಆದರೆ ಆಟದಲ್ಲಿ ಪಾಲ್ಗೊಂಡಳು ಅನ್ನಬಹುದಾ? ನೋಡಿದ ಮಾತ್ರಕ್ಕೆ ಹೇಳಲು ಬರುವುದಿಲ್ಲ. ಸ್ಕೋರ್ ಬರೆಯುವುದರಲ್ಲೇ ಮೈಮರೆತು, ಪಾಯಿಂಟ್ ಯಾರದ್ದು ಅಂತ ಎಲ್ಲರ ಜೊತೆ ಜಗಳಕ್ಕೆ ನಿಂತಿರಬಹುದು. ಇಲ್ಲವೇ ಗಂಟೆ ಯಾವಾಗ ಹೊಡೆಯುತ್ತದೋ ಅಂತ ಕಾಯುತ್ತಿರಬಹುದು.

ಮಕ್ಕಳ ಪುನರ್ವಸತಿ ಕ್ಷೇತ್ರದವರು (ಅಂದರೆ ಅಂಗವೈಕಲ್ಯ ಇರುವ ಮಕ್ಕಳಿಗೆ ಚಿಕಿತ್ಸೆ, ತರಬೇತಿ ಕೊಡುವವರು) ‘ಪಾಲ್ಗೊಳ್ಳುವಿಕೆ’ ಎಂದು ಹೇಳುವಾಗ ಅದರಲ್ಲಿ ಎರಡು ಸಂಗತಿಗಳಿವೆ. ಒಂದು, ಮಗು ಅಲ್ಲಿ ಇತ್ತಾ, ಎಷ್ಟು ಸಲ ಇತ್ತು ಎಂಬುದು. ಇನ್ನೊಂದು, ಇದ್ದಾಗ ಅದರ ಮನಸ್ಸು ಅಲ್ಲಿತ್ತಾ ಎಂಬುದು. ಮೊದಲನೆಯದನ್ನು ಹಾಜರಿ ಎನ್ನೋಣ, ಎರಡನೆಯದನ್ನು ತೊಡಗಿಕೊಳ್ಳುವಿಕೆ ಎನ್ನೋಣ. ಹಾಜರಿ ಇಲ್ಲದೆ ತೊಡಗಿಕೊಳ್ಳಲು ಆಗದು, ನಿಜ. ಆದರೆ ಹಾಜರಿ ಇದ್ದಲ್ಲೆಲ್ಲ ಅದು ತಾನಾಗಿಯೇ ಬರುವುದಿಲ್ಲ.

ಈ ಪದಕ್ಕೆ ಇಷ್ಟು ಮಹತ್ವ ಬಂದದ್ದು 2001ರ ನಂತರ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆ ‘ಐಸಿಎಫ್’ ಎಂಬ ವರ್ಗೀಕರಣವನ್ನು ಒಪ್ಪಿಕೊಂಡಿತು. ಆರೋಗ್ಯ, ವೈಕಲ್ಯ, ದಿನನಿತ್ಯದ ಬದುಕು ಇವನ್ನು ಒಟ್ಟಿಗೆ ವಿವರಿಸುವ ಚೌಕಟ್ಟು ಅದು. 2007ರಲ್ಲಿ ಮಕ್ಕಳಿಗೆಂದೇ ಅದರ ಇನ್ನೊಂದು ರೂಪ ಬಂತು. ಬದುಕಿನ ಸಂದರ್ಭವೊಂದರಲ್ಲಿ ತೊಡಗುವುದೇ ಪಾಲ್ಗೊಳ್ಳುವಿಕೆ ಎಂಬ ವಿವರಣೆ ಐಸಿಎಫ್‌ನದ್ದು. ಅದಕ್ಕೂ ಮುಂಚೆ ಅಳತೆ ಎಂದರೆ ಹೆಚ್ಚಾಗಿ ದೇಹದ ಅಳತೆ. ಮೊಣಕಾಲು ಎಷ್ಟು ಮಡಚುತ್ತದೆ, ಎಷ್ಟು ಹೆಜ್ಜೆ ನಡೆಯುತ್ತಾನೆ, ಎಷ್ಟು ಪದ ಮಾತಾಡುತ್ತಾಳೆ ಎನ್ನುವಂಥವು. ಇವೆಲ್ಲ ಬೇಕು. ಆದರೆ ಚಮಚ ಹಿಡಿದು ತಾನೇ ತಿನ್ನಲು ಬರುವುದು ಬೇರೆ, ಮನೆಯವರ ಜೊತೆ ಕೂತು ಹರಟುತ್ತಾ ತಿನ್ನುವುದು ಬೇರೆ. ಮೊದಲನೆಯದು ಬರದ ಮಗುವಿಗೂ ಎರಡನೆಯದು ಸಾಧ್ಯ. ತುತ್ತು ಬಾಯಿಗಿಡಲು ಒಬ್ಬರಿದ್ದರೆ ಸಾಕು.

ಹಾಗಾದರೆ ಇದನ್ನು ಅಳೆಯುವುದು ಹೇಗೆ? ಹೆಚ್ಚು ಬಳಕೆಯಲ್ಲಿರುವ ಸಾಧನಗಳಲ್ಲಿ ‘ಪೆಮ್-ಸಿವೈ’ ಒಂದು. ಅಮೆರಿಕ ಮತ್ತು ಕೆನಡಾದ ಸಂಶೋಧಕರು ಸೇರಿ ರೂಪಿಸಿದ ಪ್ರಶ್ನಾವಳಿ ಇದು. 5ರಿಂದ 17 ವರ್ಷದ ಮಕ್ಕಳ ಬಗ್ಗೆ ತಂದೆತಾಯಿ ಉತ್ತರಿಸುತ್ತಾರೆ. ಮನೆಗೆ 10, ಶಾಲೆಗೆ 5, ಹೊರಗಿನ ಸಮುದಾಯಕ್ಕೆ 10, ಹೀಗೆ ಒಟ್ಟು 25 ಬಗೆಯ ಚಟುವಟಿಕೆಗಳಿವೆ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ. ಕಳೆದ ನಾಲ್ಕು ತಿಂಗಳಲ್ಲಿ ಎಷ್ಟು ಸಲ? ಮಾಡುವಾಗ ಎಷ್ಟರ ಮಟ್ಟಿಗೆ ತೊಡಗಿಕೊಳ್ಳುತ್ತದೆ? ಇದರಲ್ಲಿ ಏನಾದರೂ ಬದಲಾಗಬೇಕು ಅಂತ ನಿಮಗೆ ಅನಿಸುತ್ತದಾ?

ನನ್ನ ಮಟ್ಟಿಗೆ ಇಡೀ ಪ್ರಶ್ನಾವಳಿಯಲ್ಲಿ ಜಾಸ್ತಿ ತೂಕ ಇರುವುದು ಆ ಮೂರನೆಯದಕ್ಕೇ. ಇಬ್ಬರು ಮಕ್ಕಳು ಯಾವ ಕ್ರೀಡಾ ತಂಡದಲ್ಲೂ ಇಲ್ಲ ಎಂದುಕೊಳ್ಳಿ. ಇಬ್ಬರಿಗೂ ‘ಎಂದೂ ಇಲ್ಲ’ ಎಂದೇ ಗುರುತು ಬೀಳುತ್ತದೆ. ಒಬ್ಬನಿಗೆ ಚಿತ್ರ ಬಿಡಿಸುವ ಹುಚ್ಚು, ಕ್ರೀಡೆ ಅಂದರೆ ಅಷ್ಟಕ್ಕಷ್ಟೆ. ಇನ್ನೊಬ್ಬಳಿಗೆ ಆಡುವ ಆಸೆ ಇದೆ, ಸೇರಿಸಿಕೊಳ್ಳುವವರಿಲ್ಲ. ಎಷ್ಟು ಸಲ ಎಂದು ಮಾತ್ರ ಎಣಿಸಿದರೆ ಇಬ್ಬರೂ ಒಂದೇ. ಬದಲಾವಣೆ ಬೇಕಾ ಎಂದು ಕೇಳಿದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಕಾಣುತ್ತಾರೆ. ಮಕ್ಕಳೆಲ್ಲ ಎಲ್ಲವನ್ನೂ ಒಂದೇ ಸಮ ಮಾಡಬೇಕು ಅಂತ ಏನಿಲ್ಲ, ಅಲ್ವಾ? ತಾನಾಗಿಯೇ ಬೇಡವೆಂದು ಬಿಟ್ಟದ್ದನ್ನು ಕೊರತೆ ಎಂದು ಬರೆದುಕೊಂಡರೆ ಅಳತೆಯೇ ತಪ್ಪುತ್ತದೆ.

ಅಂಗವೈಕಲ್ಯ ಇರುವ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ಇಲ್ಲಿ ಕೇಳುವುದು ಅದೇ ಪ್ರಶ್ನೆ. ಇದು ಸಣ್ಣ ಸಂಗತಿಯಲ್ಲ. ಒಂದು ಗುಂಪನ್ನಷ್ಟೇ ಅಳೆದರೆ, ಯಾವುದು ವೈಕಲ್ಯದಿಂದ ಆದದ್ದು, ಯಾವುದು ಆ ವಯಸ್ಸಿನಲ್ಲಿ ಎಲ್ಲರಿಗೂ ಸಹಜ ಎಂದು ಗೊತ್ತಾಗುವುದಿಲ್ಲ. ಹದಿನೈದರ ಹುಡುಗ ಮನೆಗೆಲಸಕ್ಕೆ ಕೈ ಹಾಕುವುದಿಲ್ಲ ಎಂದರೆ ಅದಕ್ಕೆ ವೈಕಲ್ಯವೇ ಕಾರಣ ಆಗಬೇಕಿಲ್ಲವಲ್ಲ! ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿದಾಗ 576 ಪೋಷಕರು ಉತ್ತರಿಸಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮಕ್ಕಳಿಗೆ ಅಂಗವೈಕಲ್ಯವಿತ್ತು. ಸಮುದಾಯದ ಚಟುವಟಿಕೆಗಳಲ್ಲಿ ಈ ಮಕ್ಕಳು ಕಾಣಿಸಿಕೊಂಡದ್ದೂ ಕಡಿಮೆ, ತೊಡಗಿಕೊಂಡದ್ದೂ ಕಡಿಮೆ. ಬದಲಾವಣೆ ಬೇಕು ಎಂದ ಪೋಷಕರೂ ಈ ಗುಂಪಿನಲ್ಲೇ ಹೆಚ್ಚು.

ಪ್ರಶ್ನಾವಳಿ ಇಷ್ಟಕ್ಕೇ ನಿಲ್ಲುವುದಿಲ್ಲ. ಸುತ್ತಲಿನ ಪರಿಸರ ನೆರವಾಗುತ್ತದೋ ಅಡ್ಡಿಯಾಗುತ್ತದೋ ಎಂದೂ ಕೇಳುತ್ತದೆ. ಕಟ್ಟಡದ ವಿನ್ಯಾಸ, ಗದ್ದಲ ಮತ್ತು ಬೆಳಕು, ಜನರ ಧೋರಣೆ, ಓಡಾಟದ ಸೌಕರ್ಯ, ಮನೆಯವರ ಬಳಿ ಇರುವ ಸಮಯ, ದುಡ್ಡು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯುರೋಪಿನ ‘ಸ್ಪಾರ್ಕಲ್’ ಎಂಬ ಅಧ್ಯಯನ ಇದೇ ವಿಷಯವನ್ನು ಇನ್ನೊಂದು ದಾರಿಯಿಂದ ನೋಡಿತು. ಸೆರೆಬ್ರಲ್ ಪಾಲ್ಸಿ (ಬೆಳೆಯುವ ಮಿದುಳಿಗೆ ಆದ ಹಾನಿಯಿಂದ ಚಲನೆಗೆ ಬರುವ ತೊಂದರೆ) ಇರುವ, 8ರಿಂದ 12 ವರ್ಷದ 818 ಮಕ್ಕಳು ಅದರಲ್ಲಿದ್ದರು. ನಡಿಗೆಯ ತೊಂದರೆ ಜಾಸ್ತಿ ಇದ್ದವರು, ನೋವು ಇದ್ದವರು ಕಡಿಮೆ ಪಾಲ್ಗೊಳ್ಳುತ್ತಿದ್ದರು. ಇದು ನಿರೀಕ್ಷಿಸಿದ್ದೇ. ಆದರೆ ವೈಕಲ್ಯದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಒಂದು ಪ್ರದೇಶಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಉಳಿಯಿತು. ಅಂದರೆ ಮಗು ಎಲ್ಲಿ ಬೆಳೆಯುತ್ತಿದೆ ಎಂಬುದೂ ಮುಖ್ಯ.

ಇನ್ನು ಯಾರನ್ನು ಕೇಳಬೇಕು ಎಂಬ ತಕರಾರು. ಎಷ್ಟು ಸಲ ಹೋದ ಎಂಬುದನ್ನು ಅಪ್ಪ ಅಮ್ಮ ಹೇಳಬಲ್ಲರು. ಖುಷಿಯಾಯಿತಾ ಎಂಬುದು ಮಗುವಿಗೇ ಗೊತ್ತು. 2004ರಲ್ಲಿ ಬಂದ ‘ಕೇಪ್’ ಎಂಬ ಸಾಧನ 55 ಚಟುವಟಿಕೆಗಳ ಬಗ್ಗೆ ಮಕ್ಕಳನ್ನೇ ಕೇಳುತ್ತದೆ. ಯಾರ ಜೊತೆ ಮಾಡಿದೆ, ಎಲ್ಲಿ ಮಾಡಿದೆ, ಎಷ್ಟು ಇಷ್ಟವಾಯಿತು ಎಂಬುದೂ ಅದರಲ್ಲಿದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ‘ಪಿಕ್ಚರ್ ಮೈ ಪಾರ್ಟಿಸಿಪೇಶನ್’ ಸಾಧನದಲ್ಲಿ 20 ಚಟುವಟಿಕೆಗಳಿಗೆ ಚಿತ್ರಗಳಿವೆ. ಓದಲು ಬರದ, ಮಾತು ಕಡಿಮೆ ಇರುವ ಮಗುವೂ ಚಿತ್ರ ತೋರಿಸಿ ಉತ್ತರ ಕೊಡಬಹುದು. ಕೊನೆಗೆ, ತನಗೆ ಯಾವ ಮೂರು ಅತಿ ಮುಖ್ಯ ಎಂದು ಆರಿಸುವುದೂ ಮಗುವೇ. ಆ ಮೂರು ಅಪ್ಪ ಅಮ್ಮನ ಪಟ್ಟಿಗೆ ಹೊಂದಲೇಬೇಕು ಅಂತೇನಿಲ್ಲ. ಹೊಂದದಿದ್ದರೆ ಮಾತುಕತೆ ಅಲ್ಲಿಂದಲೇ ಶುರುವಾಗಲಿ.