ಕಣ್ಣಿಗೆ ಬಿದ್ದ ಹುಳು ಸುಮ್ನೆ ತೊಳೆದರೆ ಹೋಗುವುದಿಲ್ಲ

ಕಣ್ಣಿಗೆ ಏನೋ ಪಟ್ಟನೆ ಬಡಿಯುತ್ತದೆ. ಧೂಳು ಇರಬೇಕು ಅಂತ ಉಜ್ಜಿಕೊಳ್ಳುತ್ತೇವೆ. ಕೆಲವು ಗಂಟೆಗಳಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಒಳಗೆ ಏನೋ ಹರಿದಾಡಿದ ಹಾಗೆ ಅನಿಸುತ್ತದೆ. ಈ ಅನಿಸಿಕೆಯನ್ನು ದಯವಿಟ್ಟು ತಳ್ಳಿಹಾಕಬೇಡಿ. ಒಳಗೆ ನಿಜವಾಗಿಯೂ ಹುಳು ಇರಬಹುದು.

ಇದು ಹೆಚ್ಚಾಗಿ ಈಸ್ಟ್ರಸ್ ಓವಿಸ್ ಎಂಬ ನೊಣದ ಕೆಲಸ. ಇದರ ಮೊಟ್ಟೆ ಹೊಟ್ಟೆಯಲ್ಲೇ ಒಡೆಯುತ್ತದೆ. ಜೀವಂತ ಮರಿಹುಳುಗಳನ್ನು ಹೆಣ್ಣು ನೊಣ ಹಾರುತ್ತಲೇ ಕುರಿ, ಮೇಕೆಗಳ ಮೂಗಿಗೆ ಚಿಮ್ಮಿಸುತ್ತದೆ. ಒಮ್ಮೊಮ್ಮೆ ಆ ಮರಿಗಳು ಮನುಷ್ಯರ ಕಣ್ಣೊಳಗೆ ಬೀಳುತ್ತವೆ. ಇಲ್ಲಿ ಹುಳು ಮೊದಲ ಹಂತ ದಾಟಿ ಬೆಳೆಯಲಾರದು, ಆದರೆ ಇದ್ದಷ್ಟು ದಿನ ಕಾಟ ತಪ್ಪದು.

ಹುಳುವಿನ ಉದ್ದ ಸುಮಾರು 1 ಮಿಲಿಮೀಟರ್. ಬಿಳಿಚು ಮೈ, ಬಾಯಲ್ಲಿ ಎರಡು ಕಪ್ಪು ಕೊಕ್ಕೆ. ಆ ಕೊಕ್ಕೆ ಕಣ್ಣಿನ ಮೇಲಿನ ತೆಳು ಪದರಕ್ಕೆ ಗಾಳದಂತೆ ಸಿಕ್ಕಿಕೊಂಡಿರುತ್ತದೆ. ನೀರು ಎರಚಿದರೆ ಬಿಡುವುದಿಲ್ಲ. ಮೇಲಾಗಿ ಅದಕ್ಕೆ ಬೆಳಕು ಆಗದು. ವೈದ್ಯರು ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಉಪಕರಣದ ಬೆಳಕು ಬಿಟ್ಟ ತಕ್ಷಣ ರೆಪ್ಪೆಯ ಮಡಿಕೆಯೊಳಗೆ ಸರಿದುಬಿಡುತ್ತದೆ. ಮಾಮೂಲಿ ಕಣ್ಣು ಬೇನೆ ಅಂತ ಔಷಧಿ ಕೊಟ್ಟು ಕಳಿಸುವ ಸಂದರ್ಭಗಳು ಬರುವುದು ಇದಕ್ಕೇ.

ಚಿಕಿತ್ಸೆಗೆ ತಾಳ್ಮೆ ಬೇಕು. ಮೊದಲು ಅರಿವಳಿಕೆ ಹನಿ ಹಾಕುತ್ತಾರೆ. ನೋವು ತಿಳಿಯುವುದಿಲ್ಲ, ಹುಳುವಿನ ಓಡಾಟವೂ ತಗ್ಗುತ್ತದೆ. ಆಮೇಲೆ ಮೇಲಿನ ರೆಪ್ಪೆಯನ್ನು ಮಗುಚಿ, ಸಣ್ಣ ಚಿಮಟದಲ್ಲಿ ಒಂದೊಂದನ್ನೇ ಎತ್ತುತ್ತಾರೆ. ಒಂದೇ ಕಣ್ಣಲ್ಲಿ ಹತ್ತಕ್ಕಿಂತ ಜಾಸ್ತಿ ಸಿಗುವುದೂ ಉಂಟು. ನಂತರ ಆ್ಯಂಟಿಬಯಾಟಿಕ್ ಹನಿ, ಉರಿ ಜಾಸ್ತಿಯಿದ್ದರೆ ಕೆಲವು ದಿನ ಸ್ಟೀರಾಯ್ಡ್ ಹನಿ. ಮರುದಿನ ಮತ್ತೆ ತೋರಿಸಲೇಬೇಕು, ಅಡಗಿದ್ದ ಒಂದು ಹುಳು ಉಳಿದಿರಬಹುದು ಅಲ್ವಾ?

ಅಪರೂಪಕ್ಕೆ ಹುಳು ಕಣ್ಣುಗುಡ್ಡೆಯ ಒಳಗೇ ಹೊಕ್ಕುತ್ತದೆ. ಹೀಗೆ ಮಾಡುವುದು ಹೆಚ್ಚಾಗಿ ಜಾನುವಾರುಗಳ ಹೈಪೋಡರ್ಮಾ ನೊಣದ ಮರಿ. ಕಣ್ಣಿನ ಹಿಂಬದಿಯ ಪದರವಾದ ರೆಟಿನಾದ ಕೆಳಗೆ ಅದು ಸಾಗಿದ ದಾರಿ ಗೆರೆಗಳಾಗಿ ಕಾಣುತ್ತದೆ. ಬದುಕಿದ್ದರೆ ಲೇಸರ್‌ನಿಂದ ಕೊಲ್ಲುತ್ತಾರೆ, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ. ಸತ್ತಿದ್ದು ಉರಿಯೂತ ಇಲ್ಲದಿದ್ದರೆ ಹಾಗೇ ಬಿಡುವುದೂ ಇದೆ.

ಎಲ್ಲಕ್ಕಿಂತ ಭಯಂಕರ ಸ್ಕ್ರೂವರ್ಮ್ ನೊಣಗಳ ಮರಿಗಳು. ಗಾಯದಲ್ಲಿ ಹುಟ್ಟಿ ಜೀವಂತ ಮಾಂಸವನ್ನೇ ತಿನ್ನುತ್ತಾ ಕಣ್ಣಿನ ಗೂಡಿಗೆ ಇಳಿಯುತ್ತವೆ. ಆಗ ಹುಳು ತೆಗೆದು, ಕೊಳೆತ ಭಾಗ ಕತ್ತರಿಸಿ, ಜೊತೆಗೆ ಐವರ್ಮೆಕ್ಟಿನ್ ಮಾತ್ರೆ ಕೊಡುತ್ತಾರೆ. 2015ರ ನೊಬೆಲ್ ತಂದುಕೊಟ್ಟ ಈ ಔಷಧಿ ಎಷ್ಟೋ ಕಣ್ಣುಗಳನ್ನು ಉಳಿಸಿದೆ. ತಡವಾಗಿ ಬಂದರೆ ಮಾತ್ರ ಕೆಲವೊಮ್ಮೆ ಇಡೀ ಕಣ್ಣನ್ನೇ ತೆಗೆಯಬೇಕಾಗುತ್ತದೆ.